ಹರ್-2 ಮೂರು ಪ್ಲಸ್ ಅಂದರೆ ಅಮ್ಮನ ಜೀನ್ ಕೆಟ್ಟಿದೆ ಅಂತಲೇ?

ಪ್ರಶ್ನೆ: ನಮ್ಮ ಅಮ್ಮನಿಗೆ 52 ವರ್ಷ. ಎಡ ಸ್ತನದಲ್ಲಿ ಗಂಟು ಇತ್ತು, ಬಯಾಪ್ಸಿ ಮಾಡಿದರು. ರಿಪೋರ್ಟಿನಲ್ಲಿ ‘ಇನ್ವೇಸಿವ್ ಡಕ್ಟಲ್ ಕಾರ್ಸಿನೋಮ, ಗ್ರೇಡ್ 3, ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2/ನ್ಯೂ ಪಾಸಿಟಿವ್ 3+, ಕೆಐ-67 ಶೇ. 45’ ಎಂದಿದೆ. ಡಾಕ್ಟರು ‘ಒಂದು ಜೀನ್ ಓವರ್‌ಎಕ್ಸ್‌ಪ್ರೆಸ್ ಆಗಿದೆ’ ಎಂದರು. ಹಾಗಂದರೇನು? ಅದಕ್ಕೂ ಗ್ರೇಡ್ 3 ಆಗುವುದಕ್ಕೂ ಸಂಬಂಧ ಇದೆಯಾ? ಪಕ್ಕದ ಮನೆಯವರಿಗೆ 2+ ಬಂದಾಗ ಫಿಶ್ ಟೆಸ್ಟ್ ಮಾಡಿಸಿದ್ದರು, ನಮಗೆ ಬೇಡ ಅಂದರು. ಇನ್ನೊಂದು ಲ್ಯಾಬಿನಲ್ಲಿ ತೋರಿಸಬೇಕಾ? ಜೀನ್ ಅಂದಮೇಲೆ ನನಗೂ ಬರುತ್ತಾ? ನನಗೆ 26 ವರ್ಷ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಒಳಗೆ ಕೊರೆಯುತ್ತಿದ್ದರೆ ಉಳಿದದ್ದು ತಲೆಗೆ ಹೋಗುವುದಿಲ್ಲ. ಈ ಹರ್-2 ಬದಲಾವಣೆ ಅಮ್ಮನಿಂದ ನಿಮಗೆ ಬರುವಂಥದ್ದಲ್ಲ. ಅದು ಅವರ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಇದೆ. ಅವರ ರಕ್ತದಲ್ಲಿಲ್ಲ, ಚರ್ಮದಲ್ಲಿಲ್ಲ, ನೀವು ಹುಟ್ಟಿದ ಅಂಡದಲ್ಲೂ ಇರಲಿಲ್ಲ. ಸ್ತನದ ಯಾವುದೋ ಒಂದು ಜೀವಕೋಶದಲ್ಲಿ ಮಧ್ಯ ವಯಸ್ಸಿನಲ್ಲೋ ಅದಕ್ಕೂ ಮುಂಚೆಯೋ ನಡೆದ ಎಡವಟ್ಟು ಅದು. ಆ ಒಂದು ಜೀವಕೋಶದ ಮಕ್ಕಳು ಮೊಮ್ಮಕ್ಕಳೇ ಈಗಿನ ಗಂಟು. ಕುಟುಂಬದಲ್ಲಿ ಇಳಿದು ಬರುವ ಸ್ತನ ಕ್ಯಾನ್ಸರ್ ಇಲ್ಲವೇ ಇಲ್ಲ ಅಂತಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ರಿಪೋರ್ಟಿನ ಆ ‘3+’ ನಿಮ್ಮ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ನಾನು ಪೆಥಾಲಜಿಸ್ಟ್. ಕಿಮೋ ಕೊಡುವ ಡಾಕ್ಟರಲ್ಲ. ಬಯಾಪ್ಸಿಯ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇಂಥ ರಿಪೋರ್ಟ್ ಬರೆಯುವವಳು. ರೋಗಿಗಳು ನಮ್ಮನ್ನು ನೋಡುವುದೇ ಇಲ್ಲ, ನಾವೂ ಅವರ ಮುಖ ನೋಡುವುದು ಕಡಿಮೆ. ಆದರೆ ಒಂದು ಗಾಜಿನ ಪಟ್ಟಿಯ ಮೇಲೆ ಅವರ ಗಡ್ಡೆಯನ್ನು ಗಂಟೆಗಟ್ಟಲೆ ನೋಡಿರುತ್ತೇವೆ. ನಿಮ್ಮ ಪ್ರಶ್ನೆ ನಾನು ದಿನಾ ನೋಡುವ ವಿಷಯದ ಬಗ್ಗೆಯೇ ಇರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜೀನ್ ‘ಕೆಟ್ಟಿದೆ’ ಎನ್ನುವ ಮಾತನ್ನು ಪಕ್ಕಕ್ಕಿಡೋಣ. ಸಾರಿಗೆ ಉಪ್ಪು ಬೇಕು. ಉಪ್ಪು ಕೆಟ್ಟ ಪದಾರ್ಥವಲ್ಲ. ಒಂದು ಚಮಚ ಬೀಳಬೇಕಾದ ಕಡೆ ನಾಲ್ಕು ಹಿಡಿ ಬಿದ್ದರೆ ಸಾರು ಹಾಳು. ಹರ್-2 ಕಥೆಯೂ ಹಾಗೇ. ಅದು ಎಲ್ಲರಲ್ಲೂ ಇರುವ ಜೀನ್, ನಿಮ್ಮಲ್ಲೂ ನನ್ನಲ್ಲೂ ಇದೆ. 17ನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ ಅದರ ಜಾಗ. ಪ್ರತಿ ಜೀವಕೋಶದಲ್ಲಿ ಅಪ್ಪನಿಂದ ಬಂದದ್ದು ಒಂದು, ಅಮ್ಮನಿಂದ ಬಂದದ್ದು ಒಂದು, ಹೀಗೆ ಎರಡು ಪ್ರತಿ. ಈ ಜೀನ್ ಹೇಳಿದಂತೆ ಒಂದು ಪ್ರೋಟೀನ್ ತಯಾರಾಗಿ ಜೀವಕೋಶದ ಹೊರಪೊರೆಯಲ್ಲಿ ನಾಟಿಕೊಳ್ಳುತ್ತದೆ. ‘ಬೆಳೆ, ಎರಡಾಗು’ ಎಂಬ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಅದರ ಕೆಲಸ.

ನಿಮ್ಮ ಅಮ್ಮನ ಗಡ್ಡೆಯಂಥ ಗಡ್ಡೆಗಳಲ್ಲಿ ಆಗುವುದು ಇಷ್ಟು. ಜೀವಕೋಶ ಡಿಎನ್‌ಎ ನಕಲು ಮಾಡುವಾಗ ಆ ತುಂಡು ಮತ್ತೆ ಮತ್ತೆ ನಕಲಾಗಿಬಿಡುತ್ತದೆ. ಎರಡು ಪ್ರತಿ ಇರಬೇಕಾದ ಕಡೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಇದಕ್ಕೆ ಆಂಪ್ಲಿಫಿಕೇಶನ್ ಎನ್ನುತ್ತೇವೆ. ಪ್ರತಿಗಳು ಹೆಚ್ಚಾದ ಮೇಲೆ ಪ್ರೋಟೀನೂ ಹೆಚ್ಚಾಗುತ್ತದೆ. ಅದೇ ಓವರ್‌ಎಕ್ಸ್‌ಪ್ರೆಷನ್. ಮಾಮೂಲಿ ಸ್ತನ ಜೀವಕೋಶದ ಮೇಲೆ ಸುಮಾರು 20 ಸಾವಿರ ಹರ್-2 ಪ್ರೋಟೀನ್ ಇದ್ದರೆ, ಇಂಥ ಗಡ್ಡೆಯ ಜೀವಕೋಶದ ಮೇಲೆ 20 ಲಕ್ಷದವರೆಗೂ ಇರಬಹುದು. ಜೀನಿನ ಬರಹದಲ್ಲಿ ಅಕ್ಷರ ತಪ್ಪಿಲ್ಲ. ಬರೆದದ್ದು ಸರಿಯಾಗಿಯೇ ಇದೆ. ಬರೆದ ಪ್ರತಿಗಳು ವಿಪರೀತ ಜಾಸ್ತಿ ಆಗಿವೆ, ಅಷ್ಟೇ.

ಹರ್-2ಗೆ ಇನ್ನೊಂದು ವಿಶೇಷವಿದೆ. ಇದು ನಾಲ್ಕು ಜನರ ಕುಟುಂಬ: ಹರ್-1, ಹರ್-2, ಹರ್-3, ಹರ್-4. ಉಳಿದ ಮೂವರು ಹೊರಗಿನಿಂದ ಒಂದು ರಾಸಾಯನಿಕ ಬಂದು ಮುಟ್ಟಿದಾಗ ಮಾತ್ರ ಎಚ್ಚೆತ್ತು ಜೋಡಿಯಾಗುತ್ತವೆ. ಹರ್-2 ಹಾಗಲ್ಲ. ಅದನ್ನು ಎಬ್ಬಿಸಲು ಯಾರೂ ಬರಬೇಕಿಲ್ಲ. ಸದಾ ಕೈ ಚಾಚಿಕೊಂಡೇ ಇರುತ್ತದೆ, ಪಕ್ಕದಲ್ಲಿ ಯಾರು ಸಿಕ್ಕರೂ ಜೋಡಿ ಕಟ್ಟುತ್ತದೆ. ಹರ್-3 ಸಿಕ್ಕರಂತೂ ಆ ಜೋಡಿ ಕಳಿಸುವ ಸಂದೇಶ ಬಹಳ ಜೋರು. ಪೊರೆಯ ಮೇಲೆ 20 ಸಾವಿರ ಇದ್ದಾಗ ಜೋಡಿ ಆಗುವುದು ಅಪರೂಪ. 20 ಲಕ್ಷ ಒತ್ತೊತ್ತಾಗಿ ನಿಂತರೆ ಯಾರೂ ಕರೆಯದಿದ್ದರೂ ತಾವೇ ತಾವೇ ಜೋಡಿಯಾಗುತ್ತವೆ. ಒಳಗೆ ಹಗಲೂ ರಾತ್ರಿ ‘ಎರಡಾಗು, ಸಾಯಬೇಡ’ ಎಂಬ ಕೂಗು ನಿಲ್ಲುವುದೇ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇದಕ್ಕೂ ಗ್ರೇಡ್ 3ಕ್ಕೂ ಏನು ಸಂಬಂಧ? ಬಹಳ ಹತ್ತಿರದ ಸಂಬಂಧವಿದೆ. ಅದನ್ನು ನಾನು ನಿಜವಾಗಲೂ ಕಣ್ಣಾರೆ ನೋಡುತ್ತೇನೆ.

ಗ್ರೇಡ್ ಅಂದರೆ ಸ್ಟೇಜ್ ಅಲ್ಲ, ಇದನ್ನು ತುಂಬಾ ಜನ ಕಲಸಿಕೊಂಡು ಹೆದರುತ್ತಾರೆ. ಕ್ಯಾನ್ಸರ್ ಎಷ್ಟು ದೂರ ಹರಡಿದೆ ಎನ್ನುವುದು ಸ್ಟೇಜ್. ಜೀವಕೋಶಗಳು ನೋಡಲು ಎಷ್ಟು ಒರಟಾಗಿವೆ ಎನ್ನುವುದು ಗ್ರೇಡ್. ಗ್ರೇಡ್ 3 ಇದ್ದೂ ಸ್ಟೇಜ್ 1 ಇರಬಹುದು. ಗ್ರೇಡ್ ಕೊಡಲು ನಾವು ಮೂರು ಸಂಗತಿ ನೋಡುತ್ತೇವೆ. ಹಾಲಿನ ಕೊಳವೆಯ ಆಕಾರ ಇನ್ನೂ ಉಳಿದಿದೆಯೇ, ಜೀವಕೋಶದ ಕೇಂದ್ರ ಎಷ್ಟು ದಪ್ಪವಾಗಿ ವಿಕಾರವಾಗಿದೆ, ಎಷ್ಟು ಜೀವಕೋಶಗಳು ಎರಡಾಗುವ ಹಂತದಲ್ಲಿವೆ. ಒಂದೊಂದಕ್ಕೂ 1ರಿಂದ 3 ಅಂಕ. ಮೂರೂ ಕೂಡಿಸಿ 8 ಅಥವಾ 9 ಬಂದರೆ ಗ್ರೇಡ್ 3. ಅಮ್ಮನ ಗಡ್ಡೆಗೆ ಅಷ್ಟು ಅಂಕ ಬಂದಿದೆ.

ಮೊದಲ ಅಂಕವನ್ನೇ ತೆಗೆದುಕೊಳ್ಳಿ. ಆರೋಗ್ಯವಂತ ಸ್ತನದ ಕೊಳವೆ ಅಡ್ಡ ಕತ್ತರಿಸಿ ನೋಡಿದರೆ ಬಳೆಯ ಹಾಗೆ ಕಾಣುತ್ತದೆ. ಸುತ್ತ ಜೀವಕೋಶಗಳ ಸಾಲು, ನಡುವೆ ಖಾಲಿ. ಪ್ರತಿ ಜೀವಕೋಶಕ್ಕೂ ತನ್ನ ತಲೆ ಯಾವ ಕಡೆ, ಬುಡ ಯಾವ ಕಡೆ ಎಂಬುದು ಗೊತ್ತಿರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಸೆಂಥಿಲ್ ಮುತ್ತುಸ್ವಾಮಿ, ಜೋನ್ ಬ್ರಗ್ ಮತ್ತು ಸಂಗಡಿಗರು ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಸ್ತನದ ಮಾಮೂಲಿ ಜೀವಕೋಶಗಳನ್ನು ಜೆಲ್ಲಿಯಂಥ ವಸ್ತುವಿನಲ್ಲಿ ಬೆಳೆಸಿದರೆ ಅವು ತಾವಾಗಿಯೇ ಪುಟ್ಟ ಟೊಳ್ಳು ಚೆಂಡುಗಳಾಗುತ್ತವೆ. ಅವುಗಳಲ್ಲಿ ಹರ್-2 ಸಂದೇಶವನ್ನು ಚಾಲೂ ಮಾಡಿದಾಗ ಒಳಗಿನ ಟೊಳ್ಳು ತುಂಬಿಹೋಯಿತು. ಜೀವಕೋಶಗಳು ಸಾಲು ಬಿಟ್ಟು ಒಳಕ್ಕೆ ನುಗ್ಗಿದವು. ಒಂದೇ ಸಂದೇಶದಿಂದ ಬಳೆ ಹೋಗಿ ಉಂಡೆ ಆಯಿತು. ಗಡ್ಡೆಯ ಸ್ಲೈಡಿನಲ್ಲಿ ನಾನು ನೋಡುವುದೂ ಇದನ್ನೇ. ಕೊಳವೆಯ ಗುರುತು ಹೋಗಿ ಹಾಳೆ ಹಾಳೆಯಾಗಿ ಜೀವಕೋಶಗಳು. ಅದಕ್ಕೇ ಮೊದಲ ಅಂಕ 3.

ಎರಡಾಗುತ್ತಿರುವ ಜೀವಕೋಶಗಳ ಲೆಕ್ಕವೂ ಹೀಗೇ. ‘ಎರಡಾಗು’ ಎಂದು ಬಿಡದೆ ಕೂಗುತ್ತಿದ್ದರೆ ಅವು ಎರಡಾಗದೆ ಇನ್ನೇನು ಮಾಡುತ್ತವೆ? ರಿಪೋರ್ಟಿನ ಕೆಐ-67 ಕೂಡ ಇದೇ ವಿಷಯವನ್ನು ಇನ್ನೊಂದು ರೀತಿಯಲ್ಲಿ ಅಳೆಯುತ್ತದೆ. ಶೇ. 45 ಅಂದರೆ ನೂರು ಗಡ್ಡೆ ಜೀವಕೋಶಗಳಲ್ಲಿ ಸುಮಾರು 45 ವಿಭಜನೆಯ ದಾರಿಯಲ್ಲಿವೆ ಅಂತ. (ಆ ವಿಚಿತ್ರ ಹೆಸರು ಜರ್ಮನಿಯ ಕೀಲ್ ಊರಿನಿಂದ ಬಂದದ್ದು. ಪತ್ತೆ ಹಚ್ಚುವ ಆಂಟಿಬಾಡಿ ಸಿಕ್ಕಿದ್ದು ಅಲ್ಲಿನ ಪ್ರಯೋಗಶಾಲೆಯ ತಟ್ಟೆಯ 67ನೇ ಗುಳಿಯಲ್ಲಿ.)

ಕ್ಯಾನ್ಸರ್ ಕೊಳವೆಯ ಗೋಡೆ ದಾಟುವ ಮುಂಚಿನ ಹಂತದಲ್ಲೂ ಹರ್-2 ತನ್ನ ಗುರುತು ಬಿಡುತ್ತದೆ. ಅದನ್ನು ಡಿಸಿಐಎಸ್ ಎನ್ನುತ್ತೇವೆ. ಹರ್-2 ಜಾಸ್ತಿ ಇರುವ ಡಿಸಿಐಎಸ್‌ನಲ್ಲಿ ಕೊಳವೆ ಉಬ್ಬುವಷ್ಟು ಜೀವಕೋಶಗಳು ತುಂಬುತ್ತವೆ. ನಡುವೆ ಇರುವವಕ್ಕೆ ಆಮ್ಲಜನಕ ತಲುಪುವುದಿಲ್ಲ, ಸಾಯುತ್ತವೆ. ಅಂಥ ಸ್ತನದ ತುಂಡನ್ನು ಕತ್ತರಿಸಿ ಮೆಲ್ಲಗೆ ಒತ್ತಿದರೆ ಕೊಳವೆಯ ಬಾಯಿಂದ ಬಿಳಿ ಹಳದಿ ಹಿಟ್ಟಿನಂಥದ್ದು ಎಳೆಯಾಗಿ ಹೊರಬರುತ್ತದೆ, ಮೊಡವೆ ಹಿಸುಕಿದ ಹಾಗೆ. ಸತ್ತ ಭಾಗದಲ್ಲಿ ಸುಣ್ಣ ಕೂಡುತ್ತದೆ. ಮ್ಯಾಮೊಗ್ರಾಮಿನಲ್ಲಿ ಕವಲೊಡೆದ ಬಿಳಿ ಗೆರೆಗಳಾಗಿ ಕಾಣುವುದು ಆ ಸುಣ್ಣ. ಒಂದು ಜೀನಿನ ಪ್ರತಿ ಜಾಸ್ತಿಯಾದದ್ದು ಎಕ್ಸ್‌ರೇ ಫಿಲ್ಮಿನವರೆಗೂ ಬಂದು ಮುಟ್ಟುತ್ತದೆ ನೋಡಿ.

ಇನ್ನೊಂದು ರೂಪವನ್ನು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಅದನ್ನು ಗುರುತಿಸುವುದು ತಡವಾಗುತ್ತದೆ. ಮೊಲೆತೊಟ್ಟಿನ ಪ್ಯಾಜೆಟ್ ಕಾಯಿಲೆ. ತೊಟ್ಟು ಕೆಂಪಾಗುತ್ತದೆ, ಕೆರೆತ, ಸಿಪ್ಪೆ ಏಳುತ್ತದೆ. ಹೆಂಗಸರು ನಾಚಿಕೆಯಿಂದ ಹೇಳುವುದಿಲ್ಲ. ಹೇಳಿದರೂ ಕಜ್ಜಿ ಅಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಆ ಚರ್ಮದೊಳಗೆ ಕೂತಿರುವುದು ಕೊಳವೆಯಿಂದ ಹತ್ತಿ ಬಂದ ಕ್ಯಾನ್ಸರ್ ಜೀವಕೋಶಗಳು, ಹೆಚ್ಚಿನವು ಹರ್-2 ಪಾಸಿಟಿವ್. ತೊಟ್ಟಿನ ಚರ್ಮದ ಜೀವಕೋಶಗಳು ಹೆರೆಗುಲಿನ್ ಎಂಬ ಪದಾರ್ಥ ಬಿಡುತ್ತವೆ. ಅದು ಹರ್-3ಕ್ಕೆ ಅಂಟುತ್ತದೆ, ಹರ್-3 ಹರ್-2 ಜೊತೆ ಸೇರುತ್ತದೆ, ಜೀವಕೋಶ ಆ ಕಡೆ ಸರಿಯುತ್ತದೆ. ಒಂದೇ ತೊಟ್ಟಿನಲ್ಲಿ ಎರಡು ಮೂರು ವಾರವಾದರೂ ವಾಸಿಯಾಗದ ಕಜ್ಜಿ ಇದ್ದರೆ ಮುಲಾಮು ನಿಲ್ಲಿಸಿ ಬಯಾಪ್ಸಿ ಮಾಡಿಸಿ. ಇದನ್ನು ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ.

ಈಗಿನ ಲೆಕ್ಕದಂತೆ ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ 15ರಿಂದ 20 ಹರ್-2 ಪಾಸಿಟಿವ್ ಇರುತ್ತವೆ. ಇದು ಗೊತ್ತಾದ ಬಗೆ ಹೀಗೆ. 1980ರ ದಶಕದ ಮೊದಲಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಶಾಲೆಯಲ್ಲಿ ಇಲಿಯ ನರದ ಗಡ್ಡೆಯೊಂದರಲ್ಲಿ ಒಂದು ಕ್ಯಾನ್ಸರ್ ಜೀನ್ ಸಿಕ್ಕಿತು. ನ್ಯೂರೋಬ್ಲಾಸ್ಟೋಮ ಎಂಬ ಗಡ್ಡೆಯಲ್ಲಿ ಸಿಕ್ಕಿದ್ದಕ್ಕೆ ‘ನ್ಯೂ’ ಎಂದರು. ನಿಮ್ಮ ರಿಪೋರ್ಟಿನಲ್ಲಿ ಹರ್-2 ಪಕ್ಕ ಇರುವ ‘ನ್ಯೂ’ ಅದೇ. 1985ರಲ್ಲಿ ಜೆನೆನ್‌ಟೆಕ್ ಕಂಪನಿಯ ಆಕ್ಸೆಲ್ ಉಲ್ರಿಚ್ ಮತ್ತು ಸಂಗಡಿಗರು ಮನುಷ್ಯರ ಹರ್-2 ಜೀನನ್ನು ಬಿಡಿಸಿ ತೆಗೆದರು. ಅದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೆನ್ನಿಸ್ ಸ್ಲಾಮನ್ ಕೈಗೆ ಬಂತು. ಅವರ ತಂಡದ ಬಳಿ ಕೂಡಿಟ್ಟ ಗಡ್ಡೆಗಳಿದ್ದವು. 189 ಹೆಂಗಸರ ಸ್ತನದ ಗಡ್ಡೆಗಳಲ್ಲಿ ಈ ಜೀನಿನ ಪ್ರತಿಗಳನ್ನು ಎಣಿಸಿದರು. ಸುಮಾರು ಶೇ. 30ರಲ್ಲಿ ಎರಡು ಪಟ್ಟಿನಿಂದ ಇಪ್ಪತ್ತು ಪಟ್ಟಿಗೂ ಮೀರಿ ಹೆಚ್ಚಾಗಿತ್ತು. ಪ್ರತಿ ಹೆಚ್ಚಿದ್ದವರಲ್ಲಿ ಕಾಯಿಲೆ ಬೇಗ ಮರುಕಳಿಸಿತ್ತು, ಬದುಕಿದ ಕಾಲ ಕಡಿಮೆ ಇತ್ತು. ಇದು ಪ್ರಕಟವಾದದ್ದು 1987ರಲ್ಲಿ.

ಅಲ್ಲಿಯವರೆಗೆ ‘ಇದು ಯಾಕೋ ಜೋರಾಗಿದೆ’ ಎಂದಷ್ಟೇ ನಮ್ಮ ಹಿರಿಯರು ಬರೆಯುತ್ತಿದ್ದ ಗಡ್ಡೆಗಳಲ್ಲಿ ಒಂದು ಗುಂಪಿಗೆ ಕಾರಣ ಸಿಕ್ಕಿತು. ಮುಂದೆ 2000ದಲ್ಲಿ ಚಾರ್ಲ್ಸ್ ಪೆರೂ ಮತ್ತು ಸಂಗಡಿಗರು ಸಾವಿರಾರು ಜೀನ್‌ಗಳ ಏರಿಳಿತ ಒಟ್ಟಿಗೆ ಅಳೆದು ಸ್ತನ ಕ್ಯಾನ್ಸರುಗಳನ್ನು ವಿಂಗಡಿಸಿದಾಗಲೂ ಹರ್-2 ಗುಂಪು ಬೇರೆಯಾಗಿಯೇ ನಿಂತಿತು. ಹೆಚ್ಚಾಗುವುದು ಹರ್-2 ಒಂದೇ ಅಲ್ಲ, ಸೈಕ್ಲಿನ್ ಡಿ1, ಮಿಕ್ ಮುಂತಾದ ಬೇರೆ ಜೀನ್‌ಗಳೂ ಸ್ತನದ ಗಡ್ಡೆಗಳಲ್ಲಿ ಹೆಚ್ಚಾಗುತ್ತವೆ. ಆದರೆ ಎಲ್ಲ ರೋಗಿಗಳಲ್ಲೂ ಅಳೆದು, ಅಳತೆ ನೋಡಿಯೇ ಔಷಧಿ ನಿರ್ಧರಿಸುವಂಥದ್ದು ಇದು.

ಇನ್ನು 3+ ಮತ್ತು 2+ ವಿಚಾರ. ನಿಮ್ಮ ಅಮ್ಮನ ಬಯಾಪ್ಸಿ ಚೂರು ಮೇಣದ ಪುಟ್ಟ ಇಟ್ಟಿಗೆಯೊಳಗೆ ಕೂತಿದೆ. ಅದನ್ನು ಬ್ಲಾಕ್ ಎನ್ನುತ್ತೇವೆ. ಅದರಿಂದ ಕೂದಲಿಗಿಂತ ತೆಳ್ಳಗಿನ ಹಾಳೆ ಕೊಯ್ದು ಗಾಜಿನ ಮೇಲೆ ಹಚ್ಚುತ್ತೇವೆ. ಹರ್-2 ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿ, ಅದು ಅಂಟಿದ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತೇವೆ. ಇದು ಐಎಚ್‌ಸಿ. ಮೈಕ್ರೋಸ್ಕೋಪಿನಡಿ ಇಟ್ಟರೆ ಜೀವಕೋಶದ ಕೇಂದ್ರಗಳು ನೀಲಿ. 3+ ಗಡ್ಡೆಯಲ್ಲಿ ಒಂದೊಂದು ಜೀವಕೋಶದ ಸುತ್ತಲೂ ದಟ್ಟ ಕಂದು ಅಂಚು, ಎಲ್ಲೂ ತುಂಡಾಗದ ಅಂಚು. ನೂರಾರು ಜೀವಕೋಶ ಒಟ್ಟಿಗೆ ನೋಡಿದಾಗ ಗಾಜಿನ ಮೇಲೆ ಕಂದು ಬಲೆ ಹರಡಿದ ಹಾಗಿರುತ್ತದೆ. ಕಡಿಮೆ ಲೆನ್ಸಿನಲ್ಲೇ, ಮೊದಲ ನೋಟಕ್ಕೇ ಕಾಣುತ್ತದೆ. ಹೀಗೆ ದಟ್ಟವಾಗಿ ಪೂರ್ತಿ ಸುತ್ತುವರಿದ ಬಣ್ಣ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಗಡ್ಡೆ ಜೀವಕೋಶಗಳಲ್ಲಿ ಇದ್ದರೆ 3+.

2+ ಅಂದರೆ ಅಂಚು ಪೂರ್ತಿ ಇದೆ, ಬಣ್ಣ ಮಾತ್ರ ತೆಳು. ಇಲ್ಲಿ ಕಣ್ಣನ್ನು ನಂಬಿ ಹೌದು ಅಲ್ಲ ಅನ್ನಲಾಗುವುದಿಲ್ಲ. ಅದಕ್ಕೇ ಪ್ರೋಟೀನ್ ಬಿಟ್ಟು ಜೀನನ್ನೇ ಎಣಿಸುತ್ತೇವೆ. ಅದು ಫಿಶ್. ಕತ್ತಲ ಕೋಣೆ, ವಿಶೇಷ ಬೆಳಕಿನ ಮೈಕ್ರೋಸ್ಕೋಪ್. ಹರ್-2 ಜೀನ್ ಕೆಂಪು ಚುಕ್ಕಿ, 17ನೇ ಕ್ರೋಮೋಸೋಮಿನ ನಡು ಹಸಿರು ಚುಕ್ಕಿ. ಮಾಮೂಲಿ ಜೀವಕೋಶದಲ್ಲಿ ಕೆಂಪು ಎರಡು, ಹಸಿರು ಎರಡು. ಪ್ರತಿ ಹೆಚ್ಚಿದ ಜೀವಕೋಶದಲ್ಲಿ ಹಸಿರು ಎರಡೇ ಇರುತ್ತದೆ, ಪಕ್ಕದಲ್ಲಿ ಕೆಂಪು ಚುಕ್ಕಿಗಳು ದಾಳಿಂಬೆ ಕಾಳು ಚೆಲ್ಲಿದಂತೆ ಗುಪ್ಪೆ ಗುಪ್ಪೆ. ಕನಿಷ್ಠ 20 ಜೀವಕೋಶಗಳಲ್ಲಿ ಎಣಿಸುತ್ತೇವೆ. ಕೆಂಪು ಹಸಿರಿನ ಎರಡು ಪಟ್ಟು ಅಥವಾ ಹೆಚ್ಚಿದ್ದು, ಜೀವಕೋಶಕ್ಕೆ ಸರಾಸರಿ ನಾಲ್ಕು ಅಥವಾ ಹೆಚ್ಚು ಕೆಂಪು ಸಿಕ್ಕರೆ ಪಾಸಿಟಿವ್.

3+ ಇರುವ ಕಡೆ ಫಿಶ್ ಮಾಡಿದರೆ ಬಹುತೇಕ ಪ್ರತಿ ಸಲವೂ ಈ ದಾಳಿಂಬೆ ಕಾಳೇ ಕಾಣುವುದು. ಆದ್ದರಿಂದ ನಿಮಗೆ ಬೇಡ ಎಂದಿದ್ದಾರೆ. ಸರಿಯಾಗಿಯೇ ಹೇಳಿದ್ದಾರೆ. ಆ ದುಡ್ಡು ಬೇರೆ ಕೆಲಸಕ್ಕೆ ಉಳಿಯಲಿ.

ಇನ್ನೊಂದು ಲ್ಯಾಬಿಗೆ ಹೋಗಬೇಕಾ ಎಂಬ ಪ್ರಶ್ನೆಗೆ ನನ್ನ ಉತ್ತರ ಬರುವುದು ತಾಳೆ ನೋಡುವುದರಿಂದ. ಜೀನ್ ಹೇಳುವುದಕ್ಕೂ ಗಡ್ಡೆಯ ಮುಖಕ್ಕೂ ತಾಳೆಯಾಗಬೇಕು. ನಿಮ್ಮ ರಿಪೋರ್ಟಿನಲ್ಲಿ ಆಗುತ್ತಿದೆ. ಗ್ರೇಡ್ 3, ಹಾರ್ಮೋನ್ ರಿಸೆಪ್ಟರ್ (ಹಾರ್ಮೋನ್ ಹಿಡಿಯುವ ಪ್ರೋಟೀನ್, ರಿಪೋರ್ಟಿನ ಇಆರ್ ಮತ್ತು ಪಿಆರ್) ನೆಗೆಟಿವ್, ಕೆಐ-67 ಜಾಸ್ತಿ, ಹರ್-2 3+. ಇವು ಒಂದಕ್ಕೊಂದು ಒಗ್ಗುವ ಮಾತುಗಳು. ಅದೇ ಗ್ರೇಡ್ 1 ಗಡ್ಡೆ, ಇಆರ್ ಗಟ್ಟಿ ಪಾಸಿಟಿವ್, ಕೆಐ-67 ಶೇ. 5, ಆದರೂ ಹರ್-2 3+ ಎಂದಿದ್ದರೆ ನಾನು ‘ಮತ್ತೆ ಮಾಡಿ’ ಎನ್ನುತ್ತಿದ್ದೆ. ಲೋಬ್ಯುಲರ್, ಮ್ಯೂಸಿನಸ್, ಟ್ಯೂಬ್ಯುಲರ್ ಜಾತಿಯ ಗಡ್ಡೆಗಳಲ್ಲಿ 3+ ಬಂದರೂ ಅನುಮಾನ ಪಡಬೇಕು. ಇನ್ನೂ ಒಂದು ಗುಟ್ಟು. ಗಡ್ಡೆಯ ಪಕ್ಕದಲ್ಲೇ ಮಾಮೂಲಿ ಕೊಳವೆ ಸಿಕ್ಕಿರುತ್ತದೆ. ಅದೂ ಕಂದಾಗಿ ಹೊಳೆಯುತ್ತಿದ್ದರೆ ಟೆಸ್ಟೇ ಕೆಟ್ಟಿದೆ ಅಂತ ಅರ್ಥ. ಗಡ್ಡೆಯನ್ನು ಓದುವ ಮುಂಚೆ ನಾನು ಆ ಕೊಳವೆಯನ್ನು ಹುಡುಕುತ್ತೇನೆ.

ಟೆಸ್ಟ್ ಕೆಡುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ಅದಕ್ಕೂ ಮುಂಚೆ. ಕೆಲವು ವರ್ಷಗಳ ಹಿಂದೆ ಒಂದು ನರ್ಸಿಂಗ್ ಹೋಮಿನಿಂದ ನನಗೆ ಸ್ತನದ ಗಡ್ಡೆ ಬಂತು. ಉಪ್ಪಿನಕಾಯಿ ಬಾಟಲಿಯಂಥ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬರೀ ಸಲೈನ್ ನೀರು. ಆಪರೇಷನ್ ಆಗಿ ಒಂದೂವರೆ ದಿನ ಕಳೆದಿತ್ತು. ಮುಚ್ಚಳ ತೆಗೆದ ಕೂಡಲೇ ವಾಸನೆಯಿಂದಲೇ ಗೊತ್ತಾಯಿತು. ಹರ್-2 ಬಣ್ಣ ಬರಲಿಲ್ಲ. ‘0’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಉಳಿದ ಲಕ್ಷಣ ಎಲ್ಲ ಗ್ರೇಡ್ 3ದ್ದು. ತಾಳೆ ಆಗಲಿಲ್ಲ. ಫೋನ್ ಮಾಡಿ ಕೇಳಿದಾಗ ಕಂಕುಳಲ್ಲಿ ಇನ್ನೊಂದು ಗಂಟಿದೆ ಎಂದರು. ಅದರಿಂದ ಸೂಜಿ ಬಯಾಪ್ಸಿ ತೆಗೆದು ನೇರವಾಗಿ, ತುಂಡು ಕೆಡದಂತೆ ಕಾಪಾಡುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕಿ ಕಳಿಸಿ ಎಂದೆ. ಅದರಲ್ಲಿ ಬಂದದ್ದು 3+. ಆ ಹೆಣ್ಣುಮಗಳಿಗೆ ಸಿಗಬೇಕಿದ್ದ ಔಷಧಿ ಒಂದು ಡಬ್ಬಿ ನೀರಿನಿಂದಾಗಿ ಕೈತಪ್ಪಿ ಹೋಗುತ್ತಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ತೆಗೆದ ತುಂಡು ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಡಬ್ಬಿಯ ಮೇಲೆ ತೆಗೆದ ಸಮಯ ಬರೆದರೆ ಸಾಕು.

ಈಗ ‘ಪಾಸಿಟಿವ್’ ಅಂದರೆ ಕೆಟ್ಟದ್ದಾ ಎಂಬ ಭಯ. 1987ರಲ್ಲಿ ಕೇಳಿದ್ದರೆ ಹೌದು ಎನ್ನಬೇಕಿತ್ತು. ಈಗಿನ ಮಾತೇ ಬೇರೆ. ಪೊರೆಯ ಮೇಲೆ 20 ಲಕ್ಷ ಪ್ರೋಟೀನ್ ಇದೆ ಅಂದರೆ ಔಷಧಿಗೆ ಹಿಡಿದುಕೊಳ್ಳಲು 20 ಲಕ್ಷ ಹಿಡಿಗಳಿವೆ ಅಂತ. ಟ್ರಾಸ್ಟುಜುಮಾಬ್ ಎಂಬ ಆಂಟಿಬಾಡಿ ಅಲ್ಲಿ ಹೋಗಿ ಅಂಟಿ, ಸಂದೇಶ ತಡೆದು, ದೇಹದ ಕಾವಲು ಜೀವಕೋಶಗಳನ್ನೂ ಕರೆಯುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1998ರ ಸೆಪ್ಟೆಂಬರಿನಲ್ಲಿ, ಹರ್-2 ಅಳೆಯುವ ಟೆಸ್ಟಿನ ಜೊತೆಗೇ. 2005ರಲ್ಲಿ ಶುರುವಿನ ಹಂತದ ರೋಗಿಗಳ ದೊಡ್ಡ ಅಧ್ಯಯನಗಳ ಫಲಿತಾಂಶ ಬಂತು. ಕಾಯಿಲೆ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆಮೇಲೆ ಪರ್ಟುಜುಮಾಬ್ ಎಂಬ ಇನ್ನೊಂದು ಆಂಟಿಬಾಡಿ ಬಂತು. ಆಂಟಿಬಾಡಿಯ ಬೆನ್ನಿಗೆ ಕಿಮೋ ಕಟ್ಟಿ ನೇರ ಗಡ್ಡೆಯೊಳಗೇ ಇಳಿಸುವ ಔಷಧಿಗಳು ಬಂದವು.

ಖರ್ಚಿನ ಮಾತು ಬಿಡುವಂತಿಲ್ಲ. ಮೊದಮೊದಲು ಈ ಔಷಧಿಯ ಬೆಲೆ ಕೇಳಿ ಎಷ್ಟೋ ಮನೆಯವರು ಎದ್ದು ಹೋಗುತ್ತಿದ್ದರು. ಬೆಂಗಳೂರಿನ ಬಯೋಕಾನ್ ತಯಾರಿಸಿದ ಇದೇ ಬಗೆಯ ಔಷಧಿ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಅದಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಟ್ರಾಸ್ಟುಜುಮಾಬ್‌ಗೆ ಬದಲಿಯಾಗಿ ಅಲ್ಲಿ ಒಪ್ಪಿಗೆ ಪಡೆದ ಮೊದಲ ಬಯೋಸಿಮಿಲರ್ ಅದು. ಈಗ ಹಲವು ಕಂಪನಿಗಳದ್ದು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಆಸ್ಪತ್ರೆಯ ಸರ್ಕಾರಿ ಯೋಜನೆ ಕೌಂಟರಿನಲ್ಲಿ ಇದರ ಹೆಸರು ಹೇಳಿಯೇ ಕೇಳಿ. ಬರೀ ‘ಕಿಮೋ ಕವರ್ ಆಗುತ್ತಾ’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ನಿಮ್ಮ ಅಮ್ಮನಿಗೆ ಬಹುಶಃ ಮೊದಲು ಕಿಮೋ ಜೊತೆ ಈ ಆಂಟಿಬಾಡಿ ಕೊಟ್ಟು, ಆಮೇಲೆ ಆಪರೇಷನ್ ಮಾಡುತ್ತಾರೆ. ಗಂಟಿನ ಗಾತ್ರ ಮತ್ತು ಕಂಕುಳಿನ ಸ್ಥಿತಿ ನೋಡಿ ಅದನ್ನು ಅವರ ಡಾಕ್ಟರೇ ನಿರ್ಧರಿಸಬೇಕು. ಹಾಗೆ ಮಾಡುವುದಾದರೆ ಶುರುಮಾಡುವ ಮುಂಚೆ ಗಂಟಿನೊಳಗೆ ಸಣ್ಣ ಲೋಹದ ಕ್ಲಿಪ್ ಹಾಕಿಸಿ ಎಂದು ಕೇಳಿ. ಯಾಕೆ ಗೊತ್ತಾ? ಇಂಥ ಗಡ್ಡೆಗಳು ಕೆಲವೊಮ್ಮೆ ಪೂರ್ತಿ ಕರಗಿಬಿಡುತ್ತವೆ. ಆಪರೇಷನ್ ಆಗಿ ತುಂಡು ನನ್ನ ಟೇಬಲ್ಲಿಗೆ ಬಂದಾಗ ಎಲ್ಲಿ ಹುಡುಕಬೇಕು ಎಂಬುದೇ ತಿಳಿಯುವುದಿಲ್ಲ. ಕ್ಲಿಪ್ ಇದ್ದ ಜಾಗದಿಂದ ಸಾಲು ಸಾಲು ಚೂರು ತೆಗೆಯುತ್ತೇನೆ. ಒಂದೊಂದೇ ಸ್ಲೈಡ್ ನೋಡುತ್ತಾ ಹೋದಾಗ ಬರೀ ಕಲೆ, ನಾರು, ಕ್ಯಾನ್ಸರ್ ಜೀವಕೋಶಗಳನ್ನು ನುಂಗಿ ಊದಿಕೊಂಡಿರುವ ನೊರೆಯಂಥ ಜೀವಕೋಶಗಳು. ಗಡ್ಡೆ ಇಲ್ಲ. ಹರ್-2 ಪಾಸಿಟಿವ್, ಇಆರ್ ನೆಗೆಟಿವ್ ಇರುವವರಿಗೆ ಕಿಮೋ ಜೊತೆ ಎರಡೂ ಆಂಟಿಬಾಡಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹೀಗಾಗುತ್ತದೆ. ಅಂಥ ರಿಪೋರ್ಟ್ ಬರೆದ ದಿನ ನಾನು ಮನೆಗೆ ಹೋಗಿಯೂ ಅದನ್ನೇ ಹೇಳುತ್ತಿರುತ್ತೇನೆ. ಒಂದು ವೇಳೆ ಗಡ್ಡೆ ಸ್ವಲ್ಪ ಉಳಿದಿದ್ದರೂ ಕೈಚೆಲ್ಲುವಂಥದ್ದೇನಿಲ್ಲ. ಆಗ ಟಿ-ಡಿಎಂ1 ಎಂಬ ಔಷಧಿಗೆ ಬದಲಿಸಿದರೆ ಮರುಕಳಿಸುವುದು ಅರ್ಧಕ್ಕೆ ಇಳಿಯುತ್ತದೆ ಎಂದು 2018ರಲ್ಲಿ ಹೊರಬಂದ ಅಧ್ಯಯನ ತೋರಿಸಿದೆ.

ಎರಡು ಎಚ್ಚರಿಕೆ. ಟ್ರಾಸ್ಟುಜುಮಾಬ್ ಕೆಲವರಲ್ಲಿ ಹೃದಯದ ಬಲ ತಗ್ಗಿಸುತ್ತದೆ. ಶುರುವಿಗೆ ಮುಂಚೆ ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ ಆಗಬೇಕು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ‘ಕಿಮೋ ಸುಸ್ತು’ ಅಂದುಕೊಂಡು ಸುಮ್ನೆ ಇರಬೇಡಿ. ಇನ್ನೊಂದು, ಈ ಆಂಟಿಬಾಡಿ ಮಿದುಳಿನೊಳಗೆ ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಅಲ್ಲಿಗೆ ಹರಡಿದ ಕ್ಯಾನ್ಸರನ್ನು ಸರಿಯಾಗಿ ತಡೆಯಲಾರದು. ಮುಂದೆ ಎಂದಾದರೂ ಬಿಡದ ತಲೆನೋವು, ಕಣ್ಣು ಮಂಜಾಗುವುದು, ನಡಿಗೆ ತಪ್ಪುವುದು ಕಂಡರೆ ಡಾಕ್ಟರಿಗೆ ಅದೇ ದಿನ ಹೇಳಿ.

ಪಕ್ಕದ ಮನೆಯವರಿಗೂ ಒಂದು ಮಾತು ತಿಳಿಸಿ. ಅವರದ್ದು 2+ ಬಂದು ಫಿಶ್ ನೆಗೆಟಿವ್ ಆಗಿದ್ದರೆ ರಿಪೋರ್ಟಿನಲ್ಲಿ ‘ಹರ್-2 ನೆಗೆಟಿವ್’ ಎಂದಿರುತ್ತದೆ. ಆದರೆ 1+, ಅಥವಾ 2+ ಇದ್ದು ಫಿಶ್ ನೆಗೆಟಿವ್ ಇರುವವರನ್ನು ಈಗ ‘ಹರ್-2 ಲೋ’ ಎನ್ನುತ್ತಾರೆ. ಕಾಯಿಲೆ ಬೇರೆ ಅಂಗಕ್ಕೆ ಹರಡಿದ ಇಂಥವರಲ್ಲಿ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧಿ ಆಯಸ್ಸು ಹೆಚ್ಚಿಸಿದ್ದು 2022ರಲ್ಲಿ ಗೊತ್ತಾಯಿತು. ಹಾಗಾಗಿ ನೆಗೆಟಿವ್ ಎಂಬ ಪದ ನೋಡಿ ಫೈಲ್ ಮುಚ್ಚಬಾರದು. ಪಕ್ಕದಲ್ಲಿರುವ ಅಂಕೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಇನ್ನು ನಿಮ್ಮ ವಿಚಾರ. ವಂಶದಲ್ಲಿ ಇಳಿದು ಬರುವ ಸ್ತನ ಕ್ಯಾನ್ಸರ್ ನೂರಕ್ಕೆ 5ರಿಂದ 10. ಅದಕ್ಕೆ ಕಾರಣವಾಗುವ ಜೀನ್ ಬದಲಾವಣೆಗಳಲ್ಲಿ ಹೆಸರಾದದ್ದು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. ಬಿಆರ್‌ಸಿಎ1ರಿಂದ ಬರುವ ಗಡ್ಡೆಗಳು ಸಾಮಾನ್ಯವಾಗಿ ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇರುತ್ತವೆ, ಅಮ್ಮನದ್ದರ ಹಾಗಲ್ಲ. ಹರ್-2 ಪಾಸಿಟಿವ್ ಹೆಚ್ಚಾಗಿ ಕಾಣುವ ಒಂದು ಅಪರೂಪದ ವಂಶದ ಕಾಯಿಲೆ ಇದೆ, ಟಿಪಿ53 ಜೀನಿನದ್ದು. ಅದರಲ್ಲಿ ಬಹಳ ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್ ಬರುತ್ತದೆ. ಮನೆಯ ಮಕ್ಕಳಲ್ಲಿ ಮೂಳೆ, ಮಿದುಳು, ಸ್ನಾಯುಗಳ ಗಡ್ಡೆಗಳ ಇತಿಹಾಸ ಇರುತ್ತದೆ. ಅಜ್ಜಿ, ದೊಡ್ಡಮ್ಮ, ಅತ್ತೆಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಎಂದು ತಾಯಿಯ ಕಡೆಯೂ ತಂದೆಯ ಕಡೆಯೂ ವಿಚಾರಿಸಿ. ಇದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ, ರಕ್ತದ ಟೆಸ್ಟ್ ಮೊದಲು ಅಮ್ಮನಿಗೇ ಮಾಡಿಸಿ. ಇಲ್ಲದಿದ್ದರೆ ನೀವು ಈಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ನಿಮ್ಮ ಸ್ತನ ಮಾಮೂಲಿಯಾಗಿ ಹೇಗಿದೆ ಎಂಬುದು ನಿಮಗೆ ಗೊತ್ತಿರಲಿ, 40ರ ಸುಮಾರಿಗೆ ಮ್ಯಾಮೊಗ್ರಾಮ್ ಶುರುಮಾಡಿ.

ಯಾರಾದರೂ ನೆಂಟರು ‘21 ಜೀನ್ ಟೆಸ್ಟ್ ಮಾಡಿಸಿ’ ಎಂದು ಹೇಳಬಹುದು. ಅದು ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಇರುವವರಿಗೆ ಕಿಮೋ ಬೇಕೋ ಬೇಡವೋ ನೋಡಲು ಇರುವಂಥದ್ದು. ಅಮ್ಮನಿಗೆ ಬೇಡ.

ಇಷ್ಟರ ಮೇಲೂ ಮನಸ್ಸು ಒಪ್ಪದಿದ್ದರೆ, ದೊಡ್ಡ ಆಸ್ಪತ್ರೆಗೆ ಹೋಗುವುದಿದ್ದರೆ, ಎರಡನೇ ಅಭಿಪ್ರಾಯ ಖಂಡಿತ ತೆಗೆದುಕೊಳ್ಳಿ. ನಿಮ್ಮ ಲ್ಯಾಬಿನವರು ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು. ಆದರೆ ಬಣ್ಣ ಹಾಕಿದ ಸ್ಲೈಡ್ ಮಾತ್ರ ತೆಗೆದುಕೊಂಡು ಹೋಗಬೇಡಿ, ಬ್ಲಾಕ್ ಕೇಳಿ ಪಡೆಯಿರಿ. ಅದು ಅಮ್ಮನ ದೇಹದ ತುಂಡು, ಕೇಳುವ ಹಕ್ಕು ನಿಮಗಿದೆ. ಬ್ಲಾಕ್ ಮೇಲಿನ ನಂಬರಿಗೂ ರಿಪೋರ್ಟಿನ ನಂಬರಿಗೂ ಸರಿಹೋಗುತ್ತಾ ನೋಡಿ. ಬಿಸಿಲಿಗೆ ಮೇಣ ಕರಗುತ್ತದೆ, ಬಸ್ಸಿನ ಕಿಟಕಿ ಪಕ್ಕ ಇಡಬೇಡಿ. ಕೆಲಸ ಮುಗಿದ ಮೇಲೆ ಮರೆಯದೆ ವಾಪಸ್ ತಂದು, ರಸೀತಿ ತೆಗೆದುಕೊಂಡು ಲ್ಯಾಬಿಗೆ ಕೊಡಿ. ಐದು ವರ್ಷದ ನಂತರ ಹೊಸ ಔಷಧಿ ಬಂದು ಹೊಸ ಟೆಸ್ಟ್ ಬೇಕಾದರೆ ಆ ಬ್ಲಾಕನ್ನೇ ಮತ್ತೆ ಕೊಯ್ಯುವುದು.